ಕಂಪ್ಯೂಟರ್ ಆರಿದ್ದು ಹೇಗೆ?

ಗೆಜ್ಜಲಗೆರೆಯ ಹೆದ್ದಾರಿ ಬದಿಯಲ್ಲಿ ಒಂದು ಜೆರಾಕ್ಸ್ ಅಂಗಡಿ ಇದೆ ಎಂದಿಟ್ಟುಕೊಳ್ಳಿ. ಒಳಗೆ ಎರಡು ಹಳೆಯ ಡೆಸ್ಕ್‌ಟಾಪ್‌ಗಳು, ಎರಡರಲ್ಲೂ ಉಬುಂಟು ಲಿನಕ್ಸ್. ಪಹಣಿ, ಪರೀಕ್ಷೆಯ ಅರ್ಜಿ, ಲಗ್ನಪತ್ರಿಕೆ ಎಲ್ಲಕ್ಕೂ ಜನ ಇಲ್ಲಿಗೇ ಬರುತ್ತಾರೆ. ಒಂದು ರಾತ್ರಿ ಮಾಲೀಕರು ದೊಡ್ಡ ಫೈಲೊಂದನ್ನು ಡೌನ್‌ಲೋಡಿಗೆ ಹಾಕಿ ಮನೆಗೆ ಹೋಗುತ್ತಾರೆ. ಬೆಳಿಗ್ಗೆ ಬಂದು ನೋಡಿದರೆ ಕೆಲಸ ಅರ್ಧಕ್ಕೇ ನಿಂತಿದೆ. ಪರದೆಯ ಮೇಲೆ ಪಾಸ್‌ವರ್ಡ್ ಕೇಳುವ ಚೌಕ ಕೂತಿದೆ. ಅಂದರೆ ರಾತ್ರಿ ಯಾವಾಗಲೋ ಯಂತ್ರ ಆರಿ, ಮತ್ತೆ ಶುರುವಾಗಿದೆ.

"ಕರೆಂಟ್ ಹೋಗಿತ್ತು ಕಣಣ್ಣ, ನಾನೇನೂ ಮುಟ್ಟಿಲ್ಲ" ಎನ್ನುತ್ತಾನೆ ಹಿಂದಿನ ಕೋಣೆಯಲ್ಲಿ ಮಲಗುವ ಹುಡುಗ. ಫ್ಯಾನಿನ ಸದ್ದಿಗೆ ನಿದ್ದೆ ಬಾರದೆ ಇವನೇ ಆರಿಸಿ, ಬೆಳಗಾಗುವ ಮುಂಚೆ ಮತ್ತೆ ಹಾಕಿದ್ದಾನೆ ಎಂಬುದು ಮಾಲೀಕರ ಗುಮಾನಿ. "ಒಳಗೆ ಧೂಳು ಕಟ್ಟಿದೆ, ಹೀಟಾಗಿ ಆಫಾಗಿರ್ತದೆ" ಎನ್ನುವುದು ಪಕ್ಕದ ಮೊಬೈಲ್ ರಿಪೇರಿಯವರ ತೀರ್ಪು.

ಮೂರೂ ಆಗಬಹುದಾದದ್ದೇ. ಬೆಳಿಗ್ಗೆ ಕಾಣುವ ಪರದೆಯಂತೂ ಮೂರಕ್ಕೂ ಒಂದೇ. ಆದರೆ ಅದೇ ಯಂತ್ರದ ಹಾರ್ಡ್ ಡಿಸ್ಕಿನಲ್ಲಿ ಆ ರಾತ್ರಿಯ ವಿವರ ಸಾಲುಸಾಲಾಗಿ ಇದೆ. ಲಾಗ್ ಎಂದು ಕರೆಯುವ ಈ ದಾಖಲೆಯನ್ನು ಯಾರೂ ಕೇಳದಿದ್ದರೂ ಲಿನಕ್ಸ್ ದಿನವಿಡೀ ಬರೆಯುತ್ತಿರುತ್ತದೆ. ತೆರೆದು ನೋಡುವವರು ಕಡಿಮೆ. ತೆರೆದವರೂ ಕೆಂಪಕ್ಷರ ಕಂಡು ಗಾಬರಿಯಾಗಿ ಮುಚ್ಚಿಬಿಡುತ್ತಾರೆ. ಆ ಸಾಲುಗಳಲ್ಲಿ ಯಾವ ಭಾಗವನ್ನು ಎಷ್ಟು ನಂಬಬೇಕು ಎಂಬುದು ತಿಳಿದಿದ್ದರೆ ಹುಡುಗನ ಮೇಲಿನ ಗುಮಾನಿಯನ್ನು ಹತ್ತು ನಿಮಿಷದಲ್ಲಿ ಇತ್ಯರ್ಥ ಮಾಡಬಹುದು.

ಒಂದು ಕಿಂಡಿ, ಒಬ್ಬ ಸೆಕ್ರೆಟರಿ

ಗೆಜ್ಜಲಗೆರೆ ಎಂದೊಡನೆ ಮಂಡ್ಯ ಜಿಲ್ಲೆಯವರಿಗೆ ನೆನಪಾಗುವುದು ಮನ್‌ಮುಲ್, ಅಂದರೆ ಜಿಲ್ಲಾ ಹಾಲು ಒಕ್ಕೂಟ. 2022ರ ಡಿಸೆಂಬರ್ 30ರಂದು ಇಲ್ಲಿ ಉದ್ಘಾಟನೆಯಾದ ಮೆಗಾ ಡೈರಿಯ ಸಾಮರ್ಥ್ಯ ದಿನಕ್ಕೆ 10 ಲಕ್ಷ ಲೀಟರ್. ಆ ಹಾಲು ಹೊರಡುವುದು ಹಳ್ಳಿಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘಗಳಿಂದ. ಬೆಳಿಗ್ಗೆ, ಸಂಜೆ ಸಂಘದ ಮುಂದೆ ಕ್ಯಾನ್ ಹಿಡಿದವರ ಸಾಲು ನಿಲ್ಲುತ್ತದೆ. ಒಬ್ಬೊಬ್ಬರಾಗಿ ಹಾಲು ಹಾಕುತ್ತಾರೆ. ಸೆಕ್ರೆಟರಿ ತಾರೀಕು, ಹೊತ್ತು, ಸದಸ್ಯರ ನಂಬರು, ಲೀಟರು, ಡಿಗ್ರಿ, ಫ್ಯಾಟು ಎಂದು ಒಂದೇ ಸಾಲಿನಲ್ಲಿ ಬರೆದುಕೊಂಡು ಮುಂದಿನವರನ್ನು ಕರೆಯುತ್ತಾರೆ. ಸಾಲಿನಲ್ಲಿ ನಿಂತ ನೂರು ಜನಕ್ಕೂ ಒಂದೇ ಕಿಂಡಿ, ಒಂದೇ ರಿಜಿಸ್ಟರ್. ಮುಂದೆ ಟ್ಯಾಂಕರಿನಲ್ಲಿ ಹಾಲು ಕೆಟ್ಟಿದ್ದು ಕಂಡರೆ ಯಾವ ರೂಟು, ಯಾವ ಸಂಘ, ಯಾವ ಹೊತ್ತು ಎಂದು ಹಿಂದಕ್ಕೆ ಹುಡುಕಿಕೊಂಡು ಹೋಗಲು ಈ ಸಾಲುಗಳೇ ಆಧಾರ.

ಲಿನಕ್ಸಿನ ಏರ್ಪಾಡೂ ಹೀಗೆಯೇ. ನೀವು ಸುಮ್ಮನೆ ಪರದೆ ನೋಡುತ್ತ ಕೂತಿದ್ದರೂ ಒಳಗೆ ನೂರಕ್ಕೂ ಹೆಚ್ಚು ಕಾರ್ಯಕ್ರಮಗಳು ಓಡುತ್ತಿರುತ್ತವೆ. ವೈಫೈ ನೋಡಿಕೊಳ್ಳುವುದು ಒಂದು, ಪ್ರಿಂಟರಿನ ಸರದಿ ನೋಡಿಕೊಳ್ಳುವುದು ಇನ್ನೊಂದು, ಗಡಿಯಾರ ಸರಿಪಡಿಸುವುದು ಮತ್ತೊಂದು, ಲಾಗಿನ್ ಪರೀಕ್ಷಿಸುವುದು ಮಗದೊಂದು. ಇವುಗಳಿಗೆ ಕಿಟಕಿಯಿಲ್ಲ, ಬಟನ್ನಿಲ್ಲ. ಪರದೆಯ ಮೇಲೆ ಏನನ್ನೂ ತೋರಿಸದ ಈ ಹಿನ್ನೆಲೆ ಕೆಲಸಗಾರರಿಗೆ ಹೇಳುವುದೇನಾದರೂ ಇದ್ದರೆ ಒಂದು ಸಾಲು ಬರೆದು ಕಿಂಡಿಗೆ ಹಾಕುತ್ತಾರೆ. ಕಿಂಡಿಯ ಆಚೆ ಕೂತಿರುವ ಸೆಕ್ರೆಟರಿಯೂ ಒಂದು ಕಾರ್ಯಕ್ರಮವೇ. ಇಂದಿನ ಹೆಚ್ಚಿನ ಡೆಸ್ಕ್‌ಟಾಪ್ ಲಿನಕ್ಸ್‌ಗಳಲ್ಲಿ ಅದರ ಹೆಸರು ಜರ್ನಲ್‌ಡಿ.

ಈ ಪದ್ಧತಿ ಲಿನಕ್ಸಿಗಿಂತ ಹಳೆಯದು. 1980ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಎರಿಕ್ ಆಲ್‌ಮನ್ ಎಂಬವರು ಸೆಂಡ್‌ಮೇಲ್ ಎಂಬ ಅಂಚೆ ತಂತ್ರಾಂಶ ಬರೆಯುತ್ತಿದ್ದಾಗ, ಅದರ ಆಗುಹೋಗು ಬರೆದಿಡಲು ಸಿಸ್‌ಲಾಗ್ ಎಂಬ ಪುಟ್ಟ ಸಾಧನವನ್ನೂ ಮಾಡಿಕೊಂಡರು. ಅದು ಎಷ್ಟು ಅನುಕೂಲವಾಯಿತೆಂದರೆ ಉಳಿದ ತಂತ್ರಾಂಶಗಳೂ ಅದನ್ನೇ ಬಳಸತೊಡಗಿದವು. ಬಳಕೆ ಮೊದಲು ಬಂತು, ನಿಯಮ ಆಮೇಲೆ. ಚಾಲ್ತಿಯಲ್ಲಿದ್ದ ಪದ್ಧತಿಯನ್ನು ದಾಖಲಿಸಿದ್ದು 2001ರಲ್ಲಿ, ಅಧಿಕೃತ ಮಾನಕ ಬಂದದ್ದು 2009ರಲ್ಲಿ.

ಹಳೆಯ ಸಿಸ್‌ಲಾಗಿನಲ್ಲಿ ಒಂದು ಸಡಿಲವಿತ್ತು. ಕಿಂಡಿಗೆ ಬಂದವರು ತಮ್ಮ ಹೆಸರನ್ನು ತಾವೇ ಹೇಳುತ್ತಿದ್ದರು, ಸೆಕ್ರೆಟರಿ ಹೇಳಿದ್ದನ್ನೇ ಬರೆದುಕೊಳ್ಳುತ್ತಿದ್ದರು. ಯಾವುದೋ ಕಾರ್ಯಕ್ರಮ "ನಾನು ಲಾಗಿನ್ ವಿಭಾಗ" ಎಂದು ಸುಳ್ಳು ಹೇಳಿದರೆ ಅದೂ ದಾಖಲೆಗೆ ಏರುತ್ತಿತ್ತು. 2011ರ ನವೆಂಬರಿನಲ್ಲಿ ಲೆನಾರ್ಟ್ ಪಟ್ಟರಿಂಗ್ ಮತ್ತು ಕೇ ಸೀವರ್ಸ್ ಜರ್ನಲ್ ಎಂಬ ಹೊಸ ವ್ಯವಸ್ಥೆಯನ್ನು ಮುಂದಿಟ್ಟಾಗ ಅವರು ತೋರಿಸಿದ ದೋಷಗಳಲ್ಲಿ ಇದೂ ಒಂದು. ಜರ್ನಲ್‌ಡಿ ಬಂದವರ ಮಾತಿಗೆ ಕಾಯುವುದಿಲ್ಲ. ಸಾಲು ಕಳುಹಿಸಿದ್ದು ಯಾವ ಕಾರ್ಯಕ್ರಮ, ಅದರ ಕ್ರಮಸಂಖ್ಯೆ ಏನು, ಯಾವ ಬಳಕೆದಾರರ ಹೆಸರಿನಲ್ಲಿ ಓಡುತ್ತಿದೆ ಎಂಬುದನ್ನು ಕರ್ನೆಲ್‌ನಿಂದಲೇ ಪಡೆಯುತ್ತದೆ. ಕರ್ನೆಲ್ ಎಂದರೆ ಇಡೀ ಯಂತ್ರವನ್ನು ನಡೆಸುವ ತಿರುಳು ತಂತ್ರಾಂಶ. ಯಾವ ಕಾರ್ಯಕ್ರಮ ಎಲ್ಲಿ ಓಡುತ್ತಿದೆ ಎಂಬುದು ಅದಕ್ಕೆ ಗೊತ್ತು, ಸಾಧಾರಣ ಕಾರ್ಯಕ್ರಮವೊಂದು ಅದಕ್ಕೆ ಮಂಕುಬೂದಿ ಎರಚಲಾಗದು. ಸಾಲು ಕೈಗೆ ಬಂದ ಹೊತ್ತನ್ನೂ ಸೆಕ್ರೆಟರಿ ತನ್ನ ಗಡಿಯಾರ ನೋಡಿಯೇ ಬರೆಯುತ್ತದೆ.

ಹೀಗಾಗಿ ಪ್ರತಿ ಸಾಲಿಗೆ ನಾಲ್ಕು ಅಂಕಣ: ಯಾವಾಗ, ಯಾರು, ಎಷ್ಟು ಗಂಭೀರ, ಏನು. ಮೊದಲ ಎರಡು ಸೆಕ್ರೆಟರಿಯ ಬರಹ. ಉಳಿದೆರಡು ಬಂದವರು ಹೇಳಿದ್ದು. ಲಾಗ್ ಓದುವ ಕಲೆಯೆಲ್ಲ ಈ ವ್ಯತ್ಯಾಸದಲ್ಲಿದೆ.

ಸೆಕ್ರೆಟರಿ ಬರುವ ಮುಂಚೆ

ಪವರ್ ಬಟನ್ ಒತ್ತಿದ ಮೊದಲ ಕ್ಷಣಗಳಲ್ಲಿ ಜರ್ನಲ್‌ಡಿ ಇನ್ನೂ ಎದ್ದಿರುವುದಿಲ್ಲ. ಡಿಸ್ಕ್ ಕೂಡ ಸಿಕ್ಕಿರುವುದಿಲ್ಲ. ಆದರೆ ಕರ್ನೆಲ್ ಆಗಲೇ ಮೆಮೊರಿ ಎಣಿಸುತ್ತಿರುತ್ತದೆ, ಡಿಸ್ಕ್ ಹುಡುಕುತ್ತಿರುತ್ತದೆ, ಕೀಬೋರ್ಡ್ ಗುರುತಿಸುತ್ತಿರುತ್ತದೆ. ಈ ಹೊತ್ತಿನ ಮಾತುಗಳನ್ನು ಅದು ಮೆಮೊರಿಯಲ್ಲೇ ಒಂದು ಸುತ್ತುಪಟ್ಟಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ತಜ್ಞರು ಅದಕ್ಕೆ ರಿಂಗ್ ಬಫರ್ ಎನ್ನುತ್ತಾರೆ. ಸಾಮಾನ್ಯವಾಗಿ ಅದರ ಅಳತೆ ಕೆಲವು ನೂರು ಕಿಲೋಬೈಟ್ ಮಾತ್ರ. ಜಾಗ ಮುಗಿದರೆ ಕರ್ನೆಲ್ ನಿಲ್ಲುವುದಿಲ್ಲ, ಮೊದಲ ಸಾಲಿನ ಮೇಲೆಯೇ ಹೊಸದನ್ನು ಬರೆಯುತ್ತ ಮತ್ತೊಂದು ಸುತ್ತು ಹೊರಡುತ್ತದೆ. ಹಳೆಯದು ಅಳಿಯುತ್ತದೆ, ಇತ್ತೀಚಿನದು ಉಳಿಯುತ್ತದೆ.

ಕೆಲವು ಕ್ಷಣಗಳ ನಂತರ ಎದ್ದ ಜರ್ನಲ್‌ಡಿ ಮೊದಲು ಮಾಡುವ ಕೆಲಸಗಳಲ್ಲಿ ಒಂದು, ಈ ಸುತ್ತುಪಟ್ಟಿಯನ್ನು ಓದಿ ತನ್ನ ರಿಜಿಸ್ಟರಿಗೆ ಇಳಿಸಿಕೊಳ್ಳುವುದು. ಡಿಮೆಸೇಜ್ ಎಂದು ಎಂಜಿನಿಯರುಗಳು ಕರೆಯುವ ಹಳೆಯ ಆಜ್ಞೆಯೊಂದು ಸುತ್ತುಪಟ್ಟಿಯನ್ನು ನೇರವಾಗಿ ತೋರಿಸುತ್ತದೆ. ಅದರಲ್ಲಿ ಪ್ರತಿ ಸಾಲಿನ ಮುಂದೆ ಚೌಕ ಕಂಸದೊಳಗೆ 2.345678 ಎಂಬಂಥ ಅಂಕಿ ಇರುತ್ತದೆ. ಅದು ತಾರೀಕಲ್ಲ, ಕರ್ನೆಲ್ ಶುರುವಾಗಿ ಎಷ್ಟು ಸೆಕೆಂಡ್ ಆಯಿತು ಎಂಬ ಲೆಕ್ಕ.

ಆ ಲೆಕ್ಕ ಇಟ್ಟುಕೊಳ್ಳುವುದಕ್ಕೆ ಕಾರಣವಿದೆ. ಹಳೆಯ ಡೆಸ್ಕ್‌ಟಾಪಿನ ಮದರ್‌ಬೋರ್ಡಿನ ಮೇಲೆ ನಾಣ್ಯದಾಕಾರದ ಬ್ಯಾಟರಿ ಇರುತ್ತದೆ. ಕರೆಂಟ್ ಇಲ್ಲದಾಗಲೂ ಗಡಿಯಾರ ಓಡುವುದು ಅದರ ಬಲದಿಂದ. ಅದು ಸತ್ತಿದ್ದರೆ ಯಂತ್ರ ಎದ್ದಾಗ ಯಾವುದೋ ಹಳೆಯ ವರ್ಷದ ತಾರೀಕು ಹಿಡಿದುಕೊಂಡಿರಬಹುದು, ಇಂಟರ್‌ನೆಟ್ ಸಿಕ್ಕಿದ ಮೇಲೆ ಒಮ್ಮೆಗೇ ಇಂದಿಗೆ ನೆಗೆಯಬಹುದು. ತಾರೀಕು ಹೀಗೆ ನೆಗೆದರೂ ಶುರುವಿನಿಂದ ಎಣಿಸಿದ ಸೆಕೆಂಡ್ ನೆಗೆಯುವುದಿಲ್ಲ. ಜರ್ನಲ್‌ಡಿ ಪ್ರತಿ ಸಾಲಿಗೂ ಎರಡು ಹೊತ್ತನ್ನೂ ಬರೆದಿಡುತ್ತದೆ, ಜೊತೆಗೆ ಯಂತ್ರ ಪ್ರತಿ ಸಲ ಎದ್ದಾಗಲೂ ಕರ್ನೆಲ್ ಕೊಡುವ ಹೊಸ ಗುರುತಿನ ಸಂಖ್ಯೆಯನ್ನೂ ನಮೂದಿಸುತ್ತದೆ. ತಾರೀಕು ಎಷ್ಟೇ ಗೊಂದಲವಾದರೂ ಯಾವ ಸಾಲು ಯಾವ ಸಲದ್ದು, ಯಾವುದರ ಹಿಂದೆ ಯಾವುದು ಬಂತು ಎಂಬುದು ತಪ್ಪುವುದಿಲ್ಲ.

ಕೆಂಪಕ್ಷರದ ಗಾಬರಿ

ಮೂರನೆಯ ಅಂಕಣ ಗಂಭೀರತೆಯದ್ದು. ಸಿಸ್‌ಲಾಗಿನ ಕಾಲದಿಂದಲೂ ಇದಕ್ಕೆ 0ಯಿಂದ 7ರವರೆಗೆ ಎಂಟು ದರ್ಜೆ. 0 ಎಂದರೆ ಯಂತ್ರವೇ ಬಳಸಲಾಗದ ಸ್ಥಿತಿ. 1 ಈಗಿಂದೀಗಲೇ ಕ್ರಮ ಬೇಕಾದದ್ದು, 2 ವಿಷಮ, 3 ದೋಷ, 4 ಎಚ್ಚರಿಕೆ, 5 ಗಮನಿಸಬೇಕಾದದ್ದು, 6 ಬರೀ ಮಾಹಿತಿ, 7 ತಂತ್ರಾಂಶ ಬರೆದವರಿಗಷ್ಟೇ ಬೇಕಾದ ಒಳವಿವರ. ಅಂಕಿ ಚಿಕ್ಕದಾದಷ್ಟೂ ವಿಷಯ ದೊಡ್ಡದು. ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿಯಲ್ಲಿ ನೋಡಿದರೆ 3 ಮತ್ತು ಅದಕ್ಕಿಂತ ಗಂಭೀರವಾದವು ಕೆಂಪಾಗಿ ಕಾಣುತ್ತವೆ, 4 ಹಳದಿಯಾಗಿ.

ಸಂಘದ ಹೋಲಿಕೆ ಇಲ್ಲಿ ಮುರಿದುಬೀಳುತ್ತದೆ, ಮುರಿಯುವ ಜಾಗವೇ ಮುಖ್ಯ. ಸಂಘದಲ್ಲಿ ಹಾಲಿನ ಡಿಗ್ರಿ ನೋಡುವುದು ಪರೀಕ್ಷಕರು. ಲಿನಕ್ಸಿನಲ್ಲಿ ಹಾಲು ತಂದವರೇ ಡಿಗ್ರಿ ಹೇಳುತ್ತಾರೆ, ಸೆಕ್ರೆಟರಿ ಮರುಮಾತಿಲ್ಲದೆ ಬರೆದುಕೊಳ್ಳುತ್ತದೆ. ತನ್ನ ಸಂದೇಶ 3ನೇ ದರ್ಜೆಯದ್ದೋ 6ನೇ ದರ್ಜೆಯದ್ದೋ ಎಂದು ತೀರ್ಮಾನಿಸುವವರು ಆ ಕಾರ್ಯಕ್ರಮವನ್ನು ಬರೆದ ಎಂಜಿನಿಯರು, ಅದೂ ಎಷ್ಟೋ ವರ್ಷಗಳ ಹಿಂದೆ, ನಿಮ್ಮ ಅಂಗಡಿಯನ್ನು ಕಾಣದೆ.

ಎರಡು ಸಾಲುಗಳನ್ನು ಹತ್ತಿರದಿಂದ ನೋಡಿ. ಬಹಳಷ್ಟು ಕಂಪ್ಯೂಟರುಗಳಲ್ಲಿ ಯಂತ್ರ ಎದ್ದೊಡನೆ "ಎಸಿಪಿಐ ಬಯಾಸ್ ಎರರ್" ಎಂದು ಶುರುವಾಗುವ ಕೆಂಪು ಸಾಲು ಬರುತ್ತದೆ. ಮದರ್‌ಬೋರ್ಡ್ ತಯಾರಿಸಿದವರು ತುಂಬಿಟ್ಟ ಕೋಷ್ಟಕದಲ್ಲಿ ಏನೋ ಒಂದು ಹೆಸರು ಸಿಗಲಿಲ್ಲ ಎಂದು ಕರ್ನೆಲ್ ದೂರುತ್ತಿದೆ, ಅಷ್ಟೇ. ಹೆಚ್ಚಿನ ಸಂದರ್ಭಗಳಲ್ಲಿ ಅದರಿಂದ ಬಳಕೆದಾರರಿಗೆ ಯಾವ ತೊಂದರೆಯೂ ಇಲ್ಲ. ಯಂತ್ರ ಕೊಂಡ ದಿನದಿಂದ ಆ ಸಾಲು ಇದ್ದೇ ಇರುತ್ತದೆ. ಇನ್ನೊಂದು ಸಾಲು "ಯುಎಸ್‌ಬಿ ಡಿಸ್‌ಕನೆಕ್ಟ್" ಎನ್ನುತ್ತದೆ. ಇದು 6ನೇ ದರ್ಜೆ, ಬರೀ ಮಾಹಿತಿ, ಯಾವ ಬಣ್ಣವೂ ಇಲ್ಲ. ಗಿರಾಕಿಗಳು ಸಾಲುಗಟ್ಟಿ ನಿಂತಿರುವಾಗ ಪ್ರಿಂಟರ್ ಕೈಕೊಟ್ಟಿದ್ದರೆ ನಿಮ್ಮ ಉತ್ತರ ಇರುವುದು ಆ ಬಣ್ಣಗೆಟ್ಟ ಸಾಲಿನಲ್ಲೇ. ಯಾರದೋ ಕಾಲು ತಾಗಿ ಕೇಬಲ್ ಸಡಿಲವಾಗಿದೆ. ಕರ್ನೆಲ್‌ಗೆ ಕೇಬಲ್ ಕಳಚುವುದು ದಿನನಿತ್ಯದ ಸಂಗತಿ, ಅಂಗಡಿಯವರಿಗೆ ಅರ್ಧ ದಿನದ ವ್ಯಾಪಾರ.

ಆದ್ದರಿಂದ ಬಣ್ಣ ನೋಡಿ ತೀರ್ಪು ಕೊಡಬಾರದು. ಕೆಂಪು ಸಾಲು ಕಂಡರೆ ಮೊದಲು ಕೇಳಬೇಕಾದದ್ದು, ಎಲ್ಲ ಚೆನ್ನಾಗಿದ್ದ ದಿನವೂ ಇದು ಇತ್ತೇ ಎಂದು. ಇದ್ದರೆ ಅದನ್ನು ಪಕ್ಕಕ್ಕಿಡಿ. ತೊಂದರೆಯಾದ ದಿನ ಮಾತ್ರ ಹೊಸದಾಗಿ ಕಾಣಿಸಿಕೊಂಡ ಸಾಲು ಬಿಳಿಯೋ ಕೆಂಪೋ, ಅದರ ಹಿಂದೆ ಬೀಳಿ.

ರಿಜಿಸ್ಟರ್ ತೆರೆಯುವುದು

ಇದಕ್ಕೆ ಎಂಜಿನಿಯರ್ ಆಗಬೇಕಿಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳು ಕೇರಳದ ಕೈಟ್ ಸಂಸ್ಥೆ ಸಿದ್ಧಪಡಿಸಿದ ಉಬುಂಟು ಆಧಾರಿತ ಲಿನಕ್ಸಿನಲ್ಲೇ ಕಂಪ್ಯೂಟರ್ ಪಾಠ ಕಲಿಯುತ್ತಾರೆ. ಶಾಲೆಯ ಲ್ಯಾಬ್ ಆಗಲಿ, ಅಂಗಡಿಯ ಡೆಸ್ಕ್‌ಟಾಪ್ ಆಗಲಿ, ದಾಖಲೆ ನೋಡುವ ಬಗೆ ಒಂದೇ.

ಗ್ನೋಮ್ ಡೆಸ್ಕ್‌ಟಾಪಿನಲ್ಲಿ ಲಾಗ್ಸ್ ಎಂಬ ಆ್ಯಪ್ ಇದೆ. ಎಡಗಡೆ ಮುಖ್ಯವಾದವು, ಎಲ್ಲವೂ, ಆ್ಯಪ್‌ಗಳವು, ವ್ಯವಸ್ಥೆಯವು, ಭದ್ರತೆ, ಯಂತ್ರಭಾಗ ಎಂಬ ವಿಂಗಡಣೆ. ಮೇಲಿನ ಪಟ್ಟಿಯಿಂದ ಯಾವ ಸಲ ಯಂತ್ರ ಎದ್ದಾಗಿನ ದಾಖಲೆ ಬೇಕು ಎಂದು ಆರಿಸಬಹುದು. ಕೆಡಿಇ ಡೆಸ್ಕ್‌ಟಾಪ್ ಬಳಸುವವರಿಗೆ ಕೆಸಿಸ್ಟಮ್‌ಲಾಗ್ ಎಂಬ ಆ್ಯಪ್ ಇದೆ. ಇವು ಮೌಸಿನಲ್ಲಿ ನಡೆಯುವ ದಾರಿ.

ಟರ್ಮಿನಲ್‌ಗೆ ಹೆದರದವರಿಗೆ ಜರ್ನಲ್‌ಸಿಟಿಎಲ್ ಎಂಬ ಆಜ್ಞೆ ಇನ್ನೂ ಚುರುಕು. ಬರೀ ಅದನ್ನೇ ಟೈಪ್ ಮಾಡಿದರೆ ತಿಂಗಳುಗಟ್ಟಲೆ ಸಾಲುಗಳು ಸುರಿಯುತ್ತವೆ. ಆದ್ದರಿಂದ ಜೊತೆಗೆ ಏನನ್ನಾದರೂ ಸೇರಿಸಿ ಕಿರಿದು ಮಾಡಿಕೊಳ್ಳಬೇಕು. ಹೈಫನ್ ಬಿ ಎಂದರೆ ಈ ಸಲದ್ದು ಮಾತ್ರ. ಅದರ ಮುಂದೆ ಜಾಗ ಬಿಟ್ಟು ಹೈಫನ್ 1 ಸೇರಿಸಿದರೆ ಹಿಂದಿನ ಸಲದ್ದು. ಹೈಫನ್ ಕೆ ಎಂದರೆ ಕರ್ನೆಲ್ ಮಾತು ಮಾತ್ರ. ಹೈಫನ್ ಪಿ ಜೊತೆಗೆ ದರ್ಜೆ ಹೇಳಿದರೆ ಆ ದರ್ಜೆ ಮತ್ತು ಅದಕ್ಕಿಂತ ಗಂಭೀರವಾದವು. ಹೈಫನ್ ಎಫ್ ಹಾಕಿಟ್ಟು ಪೆನ್‌ಡ್ರೈವ್ ಚುಚ್ಚಿ ನೋಡಿ. ಯಂತ್ರ ಅದನ್ನು ಗುರುತಿಸುವ ಒಂದೊಂದು ಹಂತವೂ ನಿಮ್ಮ ಕಣ್ಣೆದುರೇ ಸಾಲಾಗಿ ಇಳಿಯುತ್ತದೆ. ಅದು ಯಾವ ಕಂಪನಿಯದ್ದು, ಎಷ್ಟು ಜಿಬಿ, ಡಿಸ್ಕಿಗೆ ಕೊಟ್ಟ ಹೆಸರು ಏನು, ಎಲ್ಲ ಅಲ್ಲಿದೆ. ಲಾಗ್ ಎಂದರೇನು ಎಂದು ತಿಳಿಯಲು ಇದಕ್ಕಿಂತ ಸುಲಭದ ಪಾಠವಿಲ್ಲ.

ಡೆಸ್ಕ್‌ಟಾಪನ್ನು ಕನ್ನಡಕ್ಕೆ ಬದಲಿಸಿಕೊಂಡಿದ್ದರೂ ಕರ್ನೆಲ್ ಸಂದೇಶಗಳು ಇಂಗ್ಲಿಷಿನಲ್ಲೇ ಇರುತ್ತವೆ. ಅದರಿಂದ ಒಂದು ಅನುಕೂಲವೂ ಇದೆ. ಆ ಸಾಲನ್ನೇ ನಕಲು ಮಾಡಿ ಹುಡುಕಿದರೆ ಅದೇ ತೊಂದರೆ ಕಂಡ ಜಗತ್ತಿನ ಇನ್ನೊಬ್ಬರು ಸಿಗುತ್ತಾರೆ.

ರಿಜಿಸ್ಟರ್ ಬೆಳೆದು ಡಿಸ್ಕನ್ನೇ ನುಂಗದಂತೆ ಮಿತಿಯಿದೆ. ಬೇರೆ ಏನೂ ಹೇಳದಿದ್ದರೆ ಜರ್ನಲ್‌ಡಿ ತಾನಿರುವ ಡಿಸ್ಕ್ ಭಾಗದ ಶೇಕಡಾ 10ರಷ್ಟು, ಹೆಚ್ಚೆಂದರೆ 4 ಜಿಬಿ ಬಳಸುತ್ತದೆ. ತುಂಬಿದರೆ ಅತಿ ಹಳೆಯದನ್ನು ಅಳಿಸುತ್ತದೆ. ಕೆಟ್ಟುಹೋದ ಕಾರ್ಯಕ್ರಮವೊಂದು ಒಂದೇ ದೂರನ್ನು ಸಾವಿರ ಸಲ ಒದರುವುದುಂಟು. 30 ಸೆಕೆಂಡಿನಲ್ಲಿ 10,000 ಸಾಲು ದಾಟಿದರೆ ಸೆಕ್ರೆಟರಿ ಅದರ ಮಾತು ಕೇಳುವುದನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಎಷ್ಟು ಸಾಲು ಬಿಟ್ಟೆ ಎಂಬ ಲೆಕ್ಕವನ್ನಷ್ಟೇ ಬರೆಯುತ್ತದೆ.

ಆ ರಾತ್ರಿ ನಡೆದದ್ದು

ಈಗ ಅಂಗಡಿಗೆ ಬರೋಣ. ಜರ್ನಲ್‌ಸಿಟಿಎಲ್‌ಗೆ ಲಿಸ್ಟ್-ಬೂಟ್ಸ್ ಎಂದು ಕೇಳಿದರೆ ಯಂತ್ರ ಎದ್ದ ಪ್ರತಿ ಸಲದ ಮೊದಲ ಸಾಲಿನ ಹೊತ್ತು, ಕೊನೆಯ ಸಾಲಿನ ಹೊತ್ತು ಸಿಗುತ್ತದೆ. ಹಿಂದಿನ ಸಲ ಮುಗಿದದ್ದು ಬೆಳಗಿನ ಜಾವ 2:41ಕ್ಕೆ, ಈ ಸಲ ಶುರುವಾದದ್ದು 4:05ಕ್ಕೆ ಎಂದು ತೋರಿಸುತ್ತಿದೆ ಎಂದುಕೊಳ್ಳಿ. ಮುಂದಿನ ಹೆಜ್ಜೆ, ಹಿಂದಿನ ಸಲದ ಕೊನೆಯ ಪುಟ ತೆರೆಯುವುದು.

ಹುಡುಗನೇ ಬಟನ್ ಒತ್ತಿದ್ದರೆ ಆ ಪುಟ ಒಂದು ನಿರ್ದಿಷ್ಟ ರೀತಿಯಲ್ಲಿ ಮುಗಿಯಬೇಕು. ಪವರ್ ಬಟನ್ ಒತ್ತಿದೊಡನೆ ಲಾಗಿನ್ ವಿಭಾಗ "ಪವರ್ ಕೀ ಪ್ರೆಸ್ಡ್" ಎಂದು ಬರೆಯುತ್ತದೆ. ಆಮೇಲೆ ಒಬ್ಬೊಬ್ಬ ಹಿನ್ನೆಲೆ ಕೆಲಸಗಾರನೂ ನಿಂತೆನೆಂದು ಹೇಳಿ ಹೋಗುತ್ತಾನೆ: ಪ್ರಿಂಟರ್ ನಿಂತಿತು, ನೆಟ್‌ವರ್ಕ್ ನಿಂತಿತು, ಡಿಸ್ಕ್ ಬಿಚ್ಚಲಾಯಿತು. ಕಡೆಗೆ ಸೆಕ್ರೆಟರಿಯೇ "ಜರ್ನಲ್ ಸ್ಟಾಪ್ಡ್" ಎಂದು ಬರೆದು ಪುಸ್ತಕ ಮುಚ್ಚುತ್ತದೆ. ಮೆನುವಿನಿಂದ ಆರಿಸಿದರೂ ಬಟನ್ ಸಾಲೊಂದು ಬಿಟ್ಟರೆ ಉಳಿದದ್ದೆಲ್ಲ ಹೀಗೆಯೇ.

ಬಿಸಿಯಾಗಿ ಆರಿದ್ದರೆ? ತಾಪ ಮಿತಿ ಮೀರಿದಾಗ ಕರ್ನೆಲ್ "ಕ್ರಿಟಿಕಲ್ ಟೆಂಪರೇಚರ್ ರೀಚ್ಡ್" ಎಂದು ಕೂಗಿ ತಾನೇ ಯಂತ್ರವನ್ನು ಆರಿಸಲು ಹೊರಡುತ್ತದೆ. ಇಂಥ ತೀರಾ ಗಂಭೀರ ಸಾಲು ಬಂದರೆ ಜರ್ನಲ್‌ಡಿ ಅದನ್ನು ತಡಮಾಡದೆ ಡಿಸ್ಕಿಗೆ ಇಳಿಸುತ್ತದೆ. 0, 1, 2ನೇ ದರ್ಜೆಗಳಿಗೆ ಮಾತ್ರ ಈ ಉಪಚಾರ. ಉಳಿದ ಸಾಲುಗಳು ಡಿಸ್ಕಿಗೆ ಇಳಿದೇ ಇಳಿದವು ಎಂಬ ಖಾತ್ರಿ ಮಾಡಿಕೊಳ್ಳುವುದು 5 ನಿಮಿಷಕ್ಕೊಮ್ಮೆ. ಪ್ರತಿ ಸಾಲಿಗೂ ಡಿಸ್ಕನ್ನು ಎಬ್ಬಿಸಿದರೆ ಯಂತ್ರ ನಿಧಾನವಾಗುತ್ತದೆ, ಅದಕ್ಕೇ ಈ ರಾಜಿ.

ಅಂಗಡಿಯ ಯಂತ್ರದಲ್ಲಿ ಮೇಲಿನ ಎರಡೂ ಇಲ್ಲ. 2:41ಕ್ಕೆ ವೈಫೈ ಬಗ್ಗೆ ಒಂದು ಸಾಧಾರಣ ಸಾಲು ಇದೆ, ಅಲ್ಲಿಗೆ ಪುಟ ಮುಗಿದಿದೆ. ಒಬ್ಬ ಕೆಲಸಗಾರನೂ ಹೇಳಿ ಹೋಗಿಲ್ಲ. ಇನ್ನೊಂದು ಗುರುತೂ ಇದೆ. ಉಬುಂಟು ಮತ್ತು ಡೆಬಿಯನ್‌ನಲ್ಲಿ ಗಂಟೆಗೊಮ್ಮೆ ಮಾಡುವ ಚಿಲ್ಲರೆ ಕೆಲಸಗಳು ಪ್ರತಿ ಗಂಟೆಯ 17ನೇ ನಿಮಿಷಕ್ಕೆ ಶುರುವಾಗುವಂತೆ ಗೊತ್ತುಮಾಡಿರುತ್ತಾರೆ, ಕ್ರಾನ್ ಎಂಬ ಕೆಲಸಗಾರ ಆಗ ಒಂದು ಸಾಲು ಬರೆಯುತ್ತಾನೆ. 12:17, 1:17, 2:17 ಇವೆ, 3:17 ಇಲ್ಲ. ಅಂದರೆ ಆ ಒಂದು ಗಂಟೆಯೊಳಗೇ ಯಂತ್ರ ಸತ್ತಿದೆ. ಕೊನೆಯ ಕೆಲವು ಸಾಲುಗಳು ಡಿಸ್ಕಿಗೆ ಇಳಿಯದೆ ಹೋಗಿರಬಹುದಾದ್ದರಿಂದ ನಿಜವಾದ ಹೊತ್ತು 2:41 ಅಥವಾ ಅದರಾಚೆಯ ಕೆಲವು ನಿಮಿಷ.

ಹೊಸ ಸಲದ ಮೊದಲ ಪುಟವೂ ಇದನ್ನೇ ಹೇಳುತ್ತದೆ. ಅಲ್ಲಿ ಡಿಸ್ಕ್ ವಿಭಾಗ "ರಿಕವರಿ ಕಂಪ್ಲೀಟ್" ಎನ್ನುತ್ತದೆ. ಡಿಸ್ಕನ್ನು ಸರಿಯಾಗಿ ಬಿಚ್ಚದೆ ಬಿಟ್ಟಿದ್ದರು, ಅರ್ಧಕ್ಕೆ ನಿಂತ ಬರಹವನ್ನು ಈಗ ಸರಿಪಡಿಸಿದೆ ಎಂದು ಅರ್ಥ. ಜರ್ನಲ್‌ಡಿಯೂ ತನ್ನದೇ ಹಳೆಯ ಪುಸ್ತಕದ ಬಗ್ಗೆ, ಇದನ್ನು ಸರಿಯಾಗಿ ಮುಚ್ಚಿಲ್ಲ, ಹೆಸರು ಬದಲಿಸಿ ಬದಿಗಿಟ್ಟು ಹೊಸದು ತೆರೆಯುತ್ತಿದ್ದೇನೆ ಎಂದು ಬರೆದಿದೆ.

ಆದರೂ ಹುಡುಗ ಪೂರ್ತಿ ಪಾರಾಗಿಲ್ಲ. ಪವರ್ ಬಟನ್ನನ್ನು ನಾಲ್ಕೈದು ಸೆಕೆಂಡ್ ಅದುಮಿ ಹಿಡಿದರೆ ಮದರ್‌ಬೋರ್ಡೇ ಕರೆಂಟ್ ಕಡಿಯುತ್ತದೆ. ಪ್ಲಗ್ ಕಿತ್ತರೂ ಹಾಗೇ. ಧೂಳು ತೀರಾ ಹೆಚ್ಚಿದ್ದು ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ಒಮ್ಮೆಗೇ ಆರಿದರೂ ಕರ್ನೆಲ್‌ಗೆ ಕೂಗಲು ವೇಳೆ ಸಿಗದಿರಬಹುದು. ಈ ಎಲ್ಲಕ್ಕೂ ಲಾಗಿನಲ್ಲಿ ಉಳಿಯುವುದು ಒಂದೇ ರೀತಿಯ ಮೌನ. ಮೌನಕ್ಕೆ ಒಂದೇ ಕಾರಣ ಹಚ್ಚುವುದು ಲಾಗ್ ಓದುವವರು ಮಾಡುವ ದೊಡ್ಡ ತಪ್ಪು.

ಇಲ್ಲಿ ನೆರವಿಗೆ ಬರುವುದು ಎರಡನೆಯ ಡೆಸ್ಕ್‌ಟಾಪ್. ಅದರ ಕೊನೆಯ ಸಾಲು 2:38ಕ್ಕಿದೆ, ಮುಂದಿನ ಸಲ ಎದ್ದದ್ದು ಅದೇ 4:05ಕ್ಕೆ. ಎರಡೂ ಯಂತ್ರಗಳ ಗಡಿಯಾರ ಇಂಟರ್‌ನೆಟ್ ನೋಡಿ ಸರಿಹೊಂದಿದ್ದರಿಂದ ಹೊತ್ತನ್ನು ಪಕ್ಕಪಕ್ಕ ಇಡಬಹುದು. ಎರಡು ಪ್ರೊಸೆಸರುಗಳು ಒಂದೇ ಹೊತ್ತಿಗೆ ಬಿಸಿಯಾಗುವುದಿಲ್ಲ. ಒಂದೇ ನಿಮಿಷದಲ್ಲಿ ಎರಡೂ ತಾವಾಗಿ ಎದ್ದದ್ದು, ಕರೆಂಟ್ ಮರಳಿದಾಗ ತಾನೇ ಶುರುವಾಗು ಎಂದು ಎರಡರ ಬಯಾಸ್‌ನಲ್ಲೂ, ಅಂದರೆ ಮದರ್‌ಬೋರ್ಡಿನಲ್ಲೇ ಇರುವ ಆರಂಭದ ತಂತ್ರಾಂಶದಲ್ಲೂ, ಹೇಳಿಟ್ಟಿದ್ದರಿಂದ. ಕರೆಂಟೇ ಹೋಗಿತ್ತು, ಹುಡುಗ ಹೇಳಿದ್ದು ನಿಜ. ಇದನ್ನು ಸಾಬೀತು ಮಾಡಿದ್ದು ಯಾವ ಕೆಂಪು ಸಾಲೂ ಅಲ್ಲ, ಸೆಕ್ರೆಟರಿ ಬರೆದಿಟ್ಟ ಹೊತ್ತು.

ಸೆಕ್ರೆಟರಿಯೇ ಕುಸಿದರೆ

ಒಂದು ಪ್ರಶ್ನೆ ಉಳಿಯಿತು. ಕರೆಂಟ್ ಇದೆ, ಆದರೆ ಕರ್ನೆಲ್ಲೇ ಕೆಟ್ಟು ನಿಂತಿತು ಎಂದುಕೊಳ್ಳಿ. ಜರ್ನಲ್‌ಡಿ ಓಡುವುದು ಕರ್ನೆಲ್ಲಿನ ಮೇಲೆ. ಅದು ನಿಂತರೆ ಸೆಕ್ರೆಟರಿಯೂ ನಿಂತಂತೆ. ಸಾಯುವ ಮುಂಚೆ ಕರ್ನೆಲ್ ಆಡಿದ ಕೊನೆಯ ಮಾತು ಮೆಮೊರಿಯ ಸುತ್ತುಪಟ್ಟಿಯಲ್ಲಿ ಇದೆ, ಡಿಸ್ಕಿಗೆ ಇಳಿದಿಲ್ಲ. ಕೆಟ್ಟ ಕರ್ನೆಲ್ ಕೈಗೆ ಡಿಸ್ಕ್ ಕೊಡುವುದೂ ಅಪಾಯ, ಇರುವ ಫೈಲುಗಳನ್ನೇ ಹಾಳುಮಾಡೀತು.

ಇದಕ್ಕೊಂದು ಜಾಣ ಪರಿಹಾರ ರೂಪುಗೊಂಡಿದ್ದರಲ್ಲಿ ಗೆಜ್ಜಲಗೆರೆಯಿಂದ ನೂರು ಕಿಲೋಮೀಟರೂ ಇಲ್ಲದ ಬೆಂಗಳೂರಿನ ಪಾಲಿದೆ. ಐಬಿಎಂನ ಬೆಂಗಳೂರು ಲಿನಕ್ಸ್ ತಂಡದ ಎಂಜಿನಿಯರುಗಳು ಕೆಡಂಪ್ ಎಂಬ ವಿಧಾನದ ಮೇಲೆ ಕೆಲಸ ಮಾಡಿದರು. ವಿವೇಕ್ ಗೋಯಲ್, ಎರಿಕ್ ಬೀಡರ್‌ಮನ್, ಹರಿಪ್ರಸಾದ್ ನೆಲ್ಲಿತೀರ್ಥ 2005ರಲ್ಲಿ ಕೆನಡಾದ ಒಟ್ಟಾವಾದ ಲಿನಕ್ಸ್ ಸಮ್ಮೇಳನಕ್ಕೆ ಇದರ ಪ್ರಬಂಧ ಬರೆದರು. ಅದೇ ವರ್ಷ ಬಿಡುಗಡೆಯಾದ ಕರ್ನೆಲ್ 2.6.13ರಲ್ಲಿ ಅದು ಸೇರಿತು.

ವಿಧಾನ ಹೀಗಿದೆ. ಯಂತ್ರ ಎದ್ದಾಗಲೇ ಮೆಮೊರಿಯ ಒಂದು ಮೂಲೆಯನ್ನು ಕಾದಿರಿಸಿ ಅಲ್ಲಿ ಇನ್ನೊಂದು ಪುಟ್ಟ ಕರ್ನೆಲ್ಲನ್ನು ಇಟ್ಟಿರುತ್ತಾರೆ. ಮೊದಲನೆಯದು ಕುಸಿದ ಕ್ಷಣ ನೇರವಾಗಿ ಎರಡನೆಯದಕ್ಕೆ ಅಧಿಕಾರ ಹೋಗುತ್ತದೆ. ನಡುವೆ ಬಯಾಸ್ ಬರುವುದಿಲ್ಲ, ಆದ್ದರಿಂದ ಮೆಮೊರಿ ಅಳಿಯುವುದಿಲ್ಲ. ಎರಡನೆಯದು ತನ್ನ ಮೂಲೆಯಲ್ಲೇ ಕೂತು, ಸತ್ತವನ ಮೆಮೊರಿಯನ್ನು ಓದಿ, ಸುತ್ತುಪಟ್ಟಿಯ ಕೊನೆಯ ಸಾಲುಗಳ ಸಮೇತ ಡಿಸ್ಕಿಗೆ ಬರೆದು, ಯಂತ್ರವನ್ನು ಮತ್ತೆ ಎಬ್ಬಿಸುತ್ತದೆ. ಸರ್ವರುಗಳಲ್ಲಿ ಇದರ ಬಳಕೆ ಹೆಚ್ಚು. ತತ್ವ ಮಾತ್ರ ಮೊದಲಿನದ್ದೇ: ಕೆಟ್ಟವನ ಮಾತನ್ನು ಕೆಡದ ಇನ್ನೊಬ್ಬ ಬರೆಯಬೇಕು.

ಹೊರಗೆ ತೋರಿಸುವ ಮುನ್ನ

ಇಷ್ಟೆಲ್ಲ ಬರೆದಿಡುವ ಪುಸ್ತಕದಲ್ಲಿ ಗುಟ್ಟುಗಳೂ ಇರುತ್ತವೆ. ಬಳಕೆದಾರರ ಹೆಸರು, ವೈಫೈ ಹೆಸರು, ನೆಟ್‌ವರ್ಕ್ ವಿಳಾಸ, ಚುಚ್ಚಿದ ಪ್ರತಿ ಪೆನ್‌ಡ್ರೈವಿನ ಸೀರಿಯಲ್ ನಂಬರು ಅಲ್ಲಿರುತ್ತವೆ. ಜೆರಾಕ್ಸ್ ಅಂಗಡಿಯಲ್ಲಾದರೆ ಅದು ಗಿರಾಕಿಗಳ ಪೆನ್‌ಡ್ರೈವ್, ಬಂದ ಹೊತ್ತಿನ ಸಮೇತ. ಇದಕ್ಕಾಗಿಯೇ ಲಿನಕ್ಸ್ ಪೂರ್ತಿ ದಾಖಲೆಯನ್ನು ಎಲ್ಲ ಬಳಕೆದಾರರಿಗೂ ತೋರಿಸುವುದಿಲ್ಲ, ನಿರ್ವಾಹಕರ ಗುಂಪಿನಲ್ಲಿದ್ದವರಿಗಷ್ಟೇ ತೆರೆದಿಡುತ್ತದೆ. ರಿಪೇರಿಯವರಿಗೆ ವಾಟ್ಸ್‌ಆ್ಯಪ್ ಮಾಡುವಾಗ ಪೂರ್ತಿ ಫೈಲು ಕಳಿಸದೆ ತೊಂದರೆಯಾದ ಹೊತ್ತಿನ ಹಿಂದುಮುಂದಿನ ಐದು ನಿಮಿಷದ ಸಾಲುಗಳನ್ನು ಕಳಿಸಿದರೆ ಸಾಕು.

ಆ ಐದು ನಿಮಿಷ ಯಾವುದು ಎಂದು ಯಂತ್ರ ಹೇಳಲಾರದು. ಪ್ರಿಂಟ್ ಬಾರದೆ ಗಿರಾಕಿ ಬೈದದ್ದು, ಪರದೆ ಒಮ್ಮೆ ಮಿನುಗಿದ್ದು, ನೆಟ್ ಕಡಿದದ್ದು ನಿಮಗೆ ಗೊತ್ತಿರುವಂತೆ ಜರ್ನಲ್‌ಡಿಗೆ ಗೊತ್ತಿಲ್ಲ. ಅದಕ್ಕೆ ಎಲ್ಲ ಸಾಲೂ ಒಂದೇ. ಹಾಗಾಗಿ ಇನ್ನು ಮುಂದೆ ಕಂಪ್ಯೂಟರ್ ತರಲೆ ಮಾಡಿದಾಗ ಬೈಯುವ ಮೊದಲು ಗಡಿಯಾರ ನೋಡಿ, ಗಂಟೆ ನಿಮಿಷ ಬರೆದಿಟ್ಟುಕೊಳ್ಳಿ. ಸಾವಿರಾರು ಸಾಲುಗಳಲ್ಲಿ ಬೇಕಾದ ಹತ್ತನ್ನು ಹೆಕ್ಕಲು ಆ ಒಂದು ಅಂಕಿ ಸಾಕು.